ಗಂಜಿ ಹಾಕಿದ ಗುಡಾರ

ಮೊನ್ನೆ ನನ್ನ ಮೊಮ್ಮಗಳು ಸುಧಾ ಕಾಲೇಜಿನಿಂದ ಬರುವಾಗ ಹೆಗಲ ಮೇಲೆ ಒಂದು ನೀಲಿ ಗಂಟು ಹೊತ್ತು ತಂದಳು. ನಡುಮನೆಯಲ್ಲಿ ಬಿಚ್ಚಿ ಹರಡಿದರೆ ಗುಡಾರ! ಅವಳೂ ಅವಳ ಗೆಳತಿಯರೂ ಏರ್ಕಾಡಿನ ಕಡೆ ಕಾಡಿನಲ್ಲಿ ಕುದುರೆ ಮೇಲೆ ಸುತ್ತಾಡಿ, ಗುಡಾರದಲ್ಲೇ ಮಲಗಿ ಬರುತ್ತಾರಂತೆ. ಹೆಣ್ಣುಮಕ್ಕಳು! ಕುದುರೆ ಮೇಲೆ! ನನಗಾದ ಸಂತೋಷದಲ್ಲಿ ಒಲೆಯ ಮೇಲಿನ ಹಾಲು ಉಕ್ಕಿ ಹರಿದದ್ದೂ ಗೊತ್ತಾಗಲಿಲ್ಲ. ಅವಳಮ್ಮ ಗೊಣಗಿದಳು. ನಾನು ಮಾತ್ರ, ಹೋಗು ಮಗಳೇ, ನನ್ನ ಪಾಲಿಗೂ ಒಂದು ಸುತ್ತು ಹಾಕಿ ಬಾ ಎಂದೆ. ಎಂದವಳೇ ಗುಡಾರದ ಬಟ್ಟೆಯನ್ನು ಎತ್ತಿ ಮೂಗಿಗೆ ಹಿಡಿದೆ. ರಬ್ಬರಿನಂಥ ಏನೋ ವಾಸನೆ. ಗಂಜಿಯ ವಾಸನೆ ಒಂದಿಷ್ಟೂ ಇಲ್ಲ.

"ಏನಜ್ಜಿ ಮೂಸಿ ನೋಡ್ತಿದೀಯ?" ಎಂದಳು ಸುಧಾ.

"ಇದುನ್ನ ಕುದ್ರೆ ತಿನ್ನಲ್ಲ ಬುಡು," ಎಂದೆ.

ಹುಡುಗಿಯರೆಲ್ಲ ಬಿದ್ದು ಬಿದ್ದು ನಕ್ಕರು. ಅಜ್ಜಿ ತಮಾಷೆ ಮಾಡುತ್ತಾಳೆ ಎಂದುಕೊಂಡರು. ನಾನು ಅಡುಗೆಮನೆಗೆ ಬಂದು ಚೆಲ್ಲಿದ ಹಾಲು ಒರೆಸುತ್ತ ಕೂತೆ. ಇಷ್ಟು ವರ್ಷವಾದರೂ ನನ್ನ ಕಿವಿ ಬಿಸಿಯಾಗಿತ್ತು ನೋಡಿ. ಅದನ್ನೇ ಬರೆಯುತ್ತೇನೆ. ಜಗಲಿ ಶಾಲೆಯಲ್ಲಿ ಮರಳಿನ ಮೇಲೆ ತಿದ್ದಿದ್ದಷ್ಟೇ ನನ್ನ ಓದು. ಓದುವವರು ಹೊಂದಿಸಿಕೊಂಡು ಓದಬೇಕು.

ಮೆಟ್ಟೂರಿನಲ್ಲಿ ಅಣೆಕಟ್ಟೆ ಏಳುತ್ತಿದ್ದ ಕಾಲ. ನಾನು ಸೇಲಂನ ಗುಗೈ ಕಡೆಯ ಮಗ್ಗದ ಬೀದಿಗೆ ಸೊಸೆಯಾಗಿ ಬಂದು ವರ್ಷ ತುಂಬಿರಲಿಲ್ಲ. ಬೀದಿಯೊಳಗೆಲ್ಲ ನಮ್ಮ ಕನ್ನಡದ ನೇಕಾರರು, ಬೀದಿಯ ಮೂಲೆ ತಿರುಗಿದರೆ ತಮಿಳು. ನನ್ನ ತವರು ಮಾರಂಡಹಳ್ಳಿ. ಕುಲ ಒಂದೇ ಆದರೂ ನಮ್ಮ ತಾತನ ಕಾಲಕ್ಕೇ ಮಗ್ಗ ಬಿಟ್ಟು ರಾಗಿ ಹೊಲಕ್ಕೆ ಇಳಿದವರು ನಾವು. ಅಪ್ಪ ರಾಗಿ, ಅವರೆಕಾಯಿ ಬೆಳೆದು, ಮೂರು ತಟ್ಟು ಕುದುರೆಗಳ ಮೇಲೆ ಹೇರಿಕೊಂಡು ಸಂತೆ ಸಂತೆ ತಿರುಗುತ್ತಿದ್ದ. ಅವನ ಮೈಯಲ್ಲಿ ಯಾವಾಗಲೂ ಕುದುರೆಯ ಬೆವರಿನ ವಾಸನೆ. ಸೇಲಂನ ಮನೆಯಲ್ಲಿ ಯಾವಾಗಲೂ ಗಂಜಿಯ ವಾಸನೆ. ನೂಲಿಗೆ ಗಂಜಿ ಹಾಕದೆ ಮಗ್ಗಕ್ಕೆ ಏರಿಸಿದರೆ ಎಳೆ ಎಳೆಯಾಗಿ ಹರಿಯುತ್ತದೆ. ಅದಕ್ಕೇ ನಸುಕಿನಲ್ಲೇ ಗಂಜಿ ಕಾಸುವುದು ಸೊಸೆಯ ಕೆಲಸ.

ಹಗಲೆಲ್ಲ ಕೆಲಸ ಇರುತ್ತಿತ್ತು, ಆದರೆ ಮಾತಾಡಲು ಯಾರೂ ಇರಲಿಲ್ಲ. ನನ್ನ ತಂಗಿ ನಂಜಿಯ ನೆನಪಾಗಿ ಗಂಜಿ ತಿರುಗಿಸುತ್ತಲೇ ಅಳುತ್ತಿದ್ದೆ. ನನ್ನ ಮೈದುನ ಸಿದ್ದನಿಗೂ ಮದುವೆಯ ವಯಸ್ಸಾಗಿತ್ತು. ನಂಜಿ ಈ ಮನೆಗೇ ಬಂದುಬಿಟ್ಟರೆ! ಅತ್ತೆಗೂ ಮನಸ್ಸಿತ್ತು. ಮಾವ ಮಾತ್ರ ಒಪ್ಪಲಿಲ್ಲ. ಅವರು ಬೀದಿಗೇ ಹಿರಿಯರು, ವೀರಪ್ಪನ ಬಟ್ಟೆ ಎಂದರೆ ನೆಲದ ಮೇಲೆ ನಿಲ್ಲಿಸಿದರೆ ನಿಲ್ಲುತ್ತದೆ ಎಂದು ಹೆಸರು.

"ಮಗ್ಗ ಬಿಟ್ಟೋರ ಮನೆಯಿಂದ ಒಂದ್ ಎಣ್ಣು ತಂದಿದ್ದು ಪೋದುಂ. ಇನ್ನೊಂದು ಮಗ್ಗದ ಮನೇದೇ ಬರ್ಲಿ," ಎಂದುಬಿಟ್ಟಿದ್ದರು. ಪೋದುಂ ಅಂದರೆ ಸಾಕು. ಆ ಮಾತು ನನ್ನ ಕಿವಿಗೆ ಬೀಳಲೆಂದೇ ಆಡಿದ್ದಲ್ಲ, ಆದರೂ ಬಿತ್ತು.

ದೀಪಾವಳಿ ಮುಗಿದ ಮೇಲೆ ಮಳೆ ಹಿಡಿಯಿತು. ನಮ್ಮ ಕಡೆ ಮಳೆ ಎಂದರೆ ನೇಕಾರನಿಗೆ ರಜೆ. ಬಯಲಿನಲ್ಲಿ ಉದ್ದನೆಯ ನೂಲಿನ ಹಾಸು ಚಾಚಿ ಗಂಜಿ ಬಳಿದರೆ ಒಣಗಬೇಕಲ್ಲ, ಎಲ್ಲಿ ಒಣಗುತ್ತದೆ? ಗಂಡಸರೆಲ್ಲ ಮನೆ ಮುಂದಿನ ತಿಣ್ಣೆಯ ಮೇಲೆ ಎಲೆಯಡಿಕೆ ಹಾಕುತ್ತ ಕೂತರು. ಆ ಹೊತ್ತಿನಲ್ಲಿ ಬಿಳಿ ದೊರೆಗಳು ಕುದುರೆ ಏರಿ, ಗಾಡಿಯಲ್ಲಿ ಗುಡಾರ ಹೇರಿಸಿಕೊಂಡು ದೊಡ್ಡ ರಸ್ತೆಯಲ್ಲಿ ಏರ್ಕಾಡು ಮಲೆಯ ಕಡೆ ಹೋಗುತ್ತಿದ್ದರು. ಗೊರಸಿನ ಸದ್ದು ಕೇಳಿದರೆ ಸಾಕು, ಮಾವ ಎಲೆಯ ತಟ್ಟೆ ಬಿಟ್ಟೆದ್ದು ಬೀದಿಯ ಮೂಲೆಗೆ ಓಡುವರು. ಕುದುರೆ ಕಣ್ಮರೆಯಾಗುವ ತನಕ ಅಲ್ಲೇ ನಿಂತಿರುವರು. ಯಾರಾದರೂ ನೋಡಿದರೆ, ಮಳೆ ಹೊಳವಾಯಿತೇನೋ ನೋಡಲು ಬಂದೆ ಎನ್ನುವರು. ಇದನ್ನು ಕಂಡವರು ನಮ್ಮವರು. ನನ್ನ ಯಜಮಾನರ ಹೆಸರು ನಾನು ಹೇಳುವಂತಿಲ್ಲ, ನಮ್ಮವರು ಎಂದೇ ಬರೆಯುತ್ತೇನೆ.

"ಅಪ್ಪಾ," ಎಂದರು ಒಂದು ಸಂಜೆ, "ದೊರೆಗೊಳು ಮಲೆ ಕೆಳ್ಗೆ ಗುಡಾರ ಆಕ್ಕೊಂಡವ್ರೆ. ಮಳೆ ಬಿಟ್ಮೇಲೆ ನಾವೂ ಕುದ್ರೆ ಕಟ್ಕೊಂಡು ಒಂದ್ ಸಲ ಕಾಡಿಗೆ ಓಗ್ ಬರನಾ?"

"ಮಗ್ಗದ ಗುಳಿ ಒಳ್ಗೆ ಕಾಲ್ ಇಳೇಬಿಟ್ಟು ನೇಯೋರಿಗೆ ಕುದ್ರೆ ಯಾಕ್ಲಾ?"

"ಕುದ್ರೆ ಮೇಲೂ ಕಾಲ್ ಇಳೇನೇ ಬಿಡ್ಬೇಕಪ್ಪ."

ಮಾವ ನಕ್ಕುಬಿಟ್ಟರು. ಆಗಲೇ ಗೊತ್ತಾಯಿತು, ಮೀನು ಸಿಕ್ಕಿತು ಎಂದು. ಮರುದಿನ ಅವರೇ ಮಾತು ತೆಗೆದರು: "ಲೇ, ಓಗೋದಾದ್ರೆ ಎಲ್ಲಿಗ್ಲಾ?"

ಆಮೇಲೆ ಆ ಮಳೆಗಾಲವೆಲ್ಲ ಅದೇ ಮಾತು. ಸೇಲಂ ಸುತ್ತಲಿನ ಕಾಡುಗಳೆಲ್ಲ ನಮ್ಮ ತಿಣ್ಣೆಯ ಮೇಲೆ ಬಂದು ಹೋದವು. ಏರ್ಕಾಡಿನ ಬುಡದಲ್ಲಿ ದೊರೆಗಳ ಕಣ್ಣಿಗೆ ಬೀಳುತ್ತೇವೆ ಎಂದು ಮಾವ ಬೇಡವೆಂದರು. ಕಂಜಮಲೆ ಎಂದ ಸಿದ್ದ. "ಅಯ್ಯಪ್ಪ, ಅಲ್ಲಿ ಸಿದ್ಧರು ಓಡಾಡ್ತಾರೆ, ಅವರ್ ದಾರಿನಾಗೆ ಗುಡಾರ ಆಕಿ ಶಾಪ ತಿನ್ಬೇಕಾ?" ಎಂದು ಅತ್ತೆ ಒಳಗಿನಿಂದಲೇ ಕೂಗಿದರು. ಕೊನೆಗೆ ನಮ್ಮವರು ತೊಪ್ಪೂರು ಕಣಿವೆ ಎಂದರು. ಎನ್ನುವಾಗ ನನ್ನ ಕಡೆ ನೋಡಲಿಲ್ಲ. ನೋಡಬೇಕಾಗಿಯೂ ಇರಲಿಲ್ಲ. ತೊಪ್ಪೂರು ಎಂದರೆ ನನ್ನ ತವರಿನ ದಾರಿ.

"ಅಲ್ಲಿ ಒಳ್ಳೆ ಮರ ಐತೆ, ಅಳ್ಳ ಐತೆ. ಕುದ್ರೆ ನಮ್ಮ ಬೀಗ್ರ ಹತ್ರ ಮೂರು ಅವೆ, ಅವ್ರೇ ತರ್ತಾರೆ," ಎಂದರು ನಮ್ಮವರು.

ಮಾವ ಎಲೆಗೆ ಸುಣ್ಣ ಸವರುತ್ತ, "ಸೆರಿ," ಎಂದರು. ನಮ್ಮವರ ಲೆಕ್ಕ ಹೀಗಿತ್ತು: ಮಾವ ನನ್ನ ಅಪ್ಪನ ಕುದುರೆ ಏರಿ, ಅಪ್ಪನ ಜೊತೆ ಕಾಡಿನಲ್ಲಿ ಒಂದೇ ಕಡೆ ಉಂಡು ಮಲಗಿ ಎದ್ದರೆ, ಮಗ್ಗ ಬಿಟ್ಟವರು ಎಂಬ ತಾತ್ಸಾರ ಕರಗುತ್ತದೆ. ಆಗ ನಂಜಿಯ ಮಾತು ಎತ್ತಬಹುದು. ನಾನು ಆ ರಾತ್ರಿ ಚಾಮುಂಡಿಗೆ ಮುಡಿಪು ಕಟ್ಟಿದೆ.

ಗುಡಾರವನ್ನು ತಾವೇ ನೇಯುವುದೆಂದು ಮಾವ ಹಟ ಹಿಡಿದರು. ಬಿಸಿಲು ಬಿದ್ದ ಎರಡು ದಿನ ನೋಡಿ ದಪ್ಪ ನೂಲಿನ ಹಾಸು ಚಾಚಿದರು. ಹಾಸಿಗೂ ಗಂಜಿ, ನೇಯ್ದು ಹೊಲಿದು ಮುಗಿಸಿದ ಮೇಲೆ ಮತ್ತೆ ಇಡೀ ಗುಡಾರಕ್ಕೆ ಗಂಜಿ. ಗುಡಾರ ನಿಲ್ಲುವುದು ಹಗ್ಗದಿಂದ, ಗೂಟದಿಂದ ಎಂದು ನಮ್ಮ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ನಮಗೆ ತಿಳಿದಂತೆ ಬಟ್ಟೆ ಎಂಬುದು ನಿಲ್ಲುವುದು ಗಂಜಿಯಿಂದ.

"ಇನ್ನೊಂದ್ ಪಡಿ ಇಟ್ ಆಕವ್ವ," ಎನ್ನುವರು ಅತ್ತೆ, ನನ್ನ ಭುಜದ ಮೇಲಿನಿಂದ ಕೊಪ್ಪರಿಗೆಯೊಳಗೆ ಇಣುಕಿ. "ಗೋಡೆ ಇದ್ದಂಗಿರ್ಬೇಕು."

ನಾನೂ ಹಾಕಿದೆ, ಮನಸ್ಸು ತುಂಬಿ ಹಾಕಿದೆ. ಅಪ್ಪ ಸುಗ್ಗಿಯಲ್ಲಿ ಕಳಿಸಿದ್ದ ಮಾರಂಡಹಳ್ಳಿಯ ರಾಗಿಯ ಹಿಟ್ಟೇ ಅದು.

ಗುಡಾರ ಒಣಗಿ ಹಪ್ಪಳದಂತಾಯಿತು. ಬೆರಳಿನಿಂದ ತಟ್ಟಿದರೆ ತಮಟೆಯ ಹಾಗೆ ಸದ್ದು. ತೊಪ್ಪೂರಿಗೆ ಹೊರಡುವ ಮುಂಚೆ ಒಂದು ಸಲ ನಿಲ್ಲಿಸಿ ನೋಡೋಣ ಎಂದು ಮಾವ ಬೀದಿಯ ಹಿಂದಿನ ಬಯಲಿನಲ್ಲಿ ಹಾಕಿಸಿದರು. ನಿಂತಿತು! ನಾಲ್ಕು ಗಳದ ಮೇಲೆ ಹೇಗೆ ನಿಂತಿತು ಅಂತೀರಿ, ದೇವಸ್ಥಾನ ನಿಂತ ಹಾಗೆ. ಅಪ್ಪ ಆ ಬೆಳಿಗ್ಗೆಯೇ ಕುದುರೆಗಳೊಡನೆ ಬಂದಿದ್ದ. ಎಲ್ಲಿ ಕಟ್ಟಲಿ ಎಂದು ಕೇಳಿದ. "ಇಲ್ಲೇ ಗುಡಾರದ ಗಳಕ್ಕೇ ಕಟ್ಟಿ ಬೀಗ್ರೆ, ನೋಡಕ್ ಚೆಂದ," ಎಂದರು ಮಾವ. ಬೀದಿಗೆ ಬೀದಿಯೇ ಸೇರಿತ್ತು. ಮಾವ ಜರಿಯಂಚಿನ ಪಂಚೆಯುಟ್ಟು ಒಳಗೆ ಹೋಗಿ, ಚಾಪೆಯ ಮೇಲೆ ದೊರೆಯ ಹಾಗೆ ಕಾಲ ಮೇಲೆ ಕಾಲು ಹಾಕಿ ಕೂತರು. ಅತ್ತೆ ಬೆಳ್ಳಿ ತಟ್ಟೆಯಲ್ಲಿ ಎಲೆಯಡಿಕೆ ಕೊಟ್ಟು ಬಂದರು. ಮಾವ ಪರದೆ ಇಳಿಸಿಕೊಂಡರು. ನನ್ನ ಎದೆ ಬಾತುಹೋಗಿತ್ತು. ನನ್ನ ಅಪ್ಪನ ಕುದುರೆ, ನನ್ನ ಮಾವನ ಗುಡಾರ. ಎರಡೂ ನಾನೇ ಮಾಡಿಟ್ಟಂತೆ!

ಆಗ ತುಂತುರು ಶುರುವಾಯಿತು.

ಜೋರು ಮಳೆಯೇನಲ್ಲ, ಹೂ ಉದುರಿದ ಹಾಗೆ. ಬಟ್ಟೆ ನೆನೆಯಿತು. ನೆನೆಯುತ್ತಲೇ ಘಮ್ಮೆಂದು ರಾಗಿ ಅಂಬಲಿಯ ವಾಸನೆ ಎದ್ದಿತು. ಮೂರೂ ಕುದುರೆ ಒಟ್ಟಿಗೇ ಕಿವಿ ನಿಮಿರಿಸಿದವು. ಕೆಂದ ಕುದುರೆ ಮೊದಲು ನಾಲಗೆ ಚಾಚಿ ನೆಕ್ಕಿತು. ತವರಿನ ರಾಗಿ ಅದಕ್ಕೆ ಗೊತ್ತಾಗದೆ ಇರುತ್ತದೆಯೆ? ನೆಕ್ಕಿತು, ಬಾಯಿಗೆ ಹಿಡಿಯಿತು, ಎಳೆಯಿತು. ಪರ್ರೆಂದು ಹರಿಯಿತು. ಉಳಿದೆರಡೂ ಸೇರಿಕೊಂಡವು. ಅಪ್ಪ, "ಏಯ್! ಏಯ್!" ಎಂದು ಹಗ್ಗ ಹಿಡಿದು ಜಗ್ಗಿದ, ಕುದುರೆ ಜೊತೆ ಗಳವೂ ಬಂತು. ಗೋಡೆಯ ಹಾಗಿದ್ದ ಗುಡಾರ ನೆನೆದ ದೋಸೆಯ ಹಾಗೆ ಕುಸಿಯಿತು. ಹರಿದ ಕಿಂಡಿಯಲ್ಲಿ ಮಾವ ಕಂಡರು. ಬಾಯಲ್ಲಿ ಎಲೆ, ಮುಖದ ಮೇಲೆ ಗಂಜಿ, ಎದುರಿಗೆ ಕುದುರೆಯ ಮೂತಿ.

"ಏನ್ ವೀರಪ್ಪಣ್ಣ," ಎಂದ ಪಕ್ಕದ ಮನೆಯ ಗುರುವಣ್ಣ, "ಗುಡಾರ ನೇಯ್ದಿಯಾ, ಕುದ್ರೇಗೆ ದೋಸೆ ಉಯ್ದಿಯಾ?"

"ಅಡಡಾ, ಕುದಿರೈಕ್ಕು ಪೊಂಗಲ್!" ಎಂದ ಮೂಲೆ ಅಂಗಡಿಯ ತಮಿಳಿನವನು.

ಬಯಲೆಲ್ಲ ನಗು. ನಗುವಷ್ಟೇ ಆಗಿದ್ದರೆ ನುಂಗಬಹುದಿತ್ತು. ಗುರುವಣ್ಣ ಬಗ್ಗಿ, ಗಂಜಿ ತೊಳೆದುಹೋಗಿದ್ದ ಒಂದು ತುಂಡನ್ನು ಎತ್ತಿ ಬೆಳಕಿಗೆ ಹಿಡಿದ. ಅದರಾಚೆ ಅವನ ಮುಖ ಕಣ್ಣು ಮೂಗು ಸಮೇತ ಕಂಡಿತು. ಸೊಳ್ಳೆ ಪರದೆ ಇದ್ದ ಹಾಗೆ ಇತ್ತು ಬಟ್ಟೆ. ಎಳೆಗೂ ಎಳೆಗೂ ನಡುವೆ ಇರುವೆ ನುಸುಳುವಷ್ಟು ಜಾಗ. ಒಬ್ಬೊಬ್ಬರಾಗಿ ನಗು ನಿಲ್ಲಿಸಿದರು. ಅಲ್ಲಿದ್ದವರೆಲ್ಲ ನೇಕಾರರೇ. ತೆಳ್ಳಗೆ ನೇಯ್ದು ಗಂಜಿಯಲ್ಲಿ ದಪ್ಪ ಮಾಡುವುದು ಎಲ್ಲರಿಗೂ ಗೊತ್ತಿತ್ತು. ವೀರಪ್ಪನೂ ಹಾಗೇ ಮಾಡುತ್ತಾನೆ ಎಂಬುದು ಗೊತ್ತಿರಲಿಲ್ಲ. ಆ ಮೌನಕ್ಕಿಂತ ನಗುವೇ ಮೇಲಾಗಿತ್ತು.

ಮಾವ ಮುಖ ಒರೆಸಿಕೊಂಡು, ತುಂಡುಗಳನ್ನು ಬಾಚಿ ಕಂಕುಳಲ್ಲಿಟ್ಟುಕೊಂಡು ಮನೆಯ ಕಡೆ ನಡೆದರು. ಅಪ್ಪ ಹಿಂದೆ ಹಿಂದೆ ಓಡಿ ಬಂದ.

"ಬೀಗ್ರೆ, ನಮ್ ಕುದ್ರೆ ನಿಮ್ ಮಾನ ತಿಂದ್ಬುಡ್ತು. ಒಡೀರಿ ನನ್ನ."

ಮಾವ ತಿರುಗಿ ನೋಡಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಅಪ್ಪ ಕುದುರೆಗಳ ಹಗ್ಗ ಬಿಚ್ಚಿದ. ಅಡುಗೆ ಆಗಿತ್ತು, ಹೋಳಿಗೆ ಮಾಡಿದ್ದೆವು. ಬೀಗರು ಉಣ್ಣದೆ ಹೊಸ್ತಿಲು ದಾಟಿದರೆ ನಮ್ಮಲ್ಲಿ ಸಂಬಂಧ ಮುರಿದ ಹಾಗೆ. ಅತ್ತೆ ಎಲೆ ಹಿಡಿದುಕೊಂಡೇ ಬೀದಿಗೆ ಬಂದರು.

"ಅಣ್ಣಾ, ಒಂದ್ ತುತ್ತು ಉಣ್ಕೊಂಡ್ ಓಗಣ್ಣ."

"ಎಂಗೆ ಉಣ್ಲಿ ತಂಗಿ?" ಎಂದ ಅಪ್ಪ. "ನಮ್ ಮನೇವು ಉಂಡಾಯ್ತಲ್ಲ."

ನನ್ನ ಮುಖ ನೋಡದೆ ಹೊರಟುಹೋದ. ನಾನೂ ಅವನನ್ನು ಕೂಗಲಿಲ್ಲ. ಮಗಳಾಗಿ ಕುದುರೆಗಾಗಿ ನಾಚಿಕೊಳ್ಳಲೇ, ಸೊಸೆಯಾಗಿ ಬಟ್ಟೆಗಾಗಿ ನಾಚಿಕೊಳ್ಳಲೇ ಎಂದು ತಿಳಿಯದೆ ಕಂಬಕ್ಕೆ ಮುಖ ಒತ್ತಿ ನಿಂತಿದ್ದೆ. ನಂಜಿಯ ಆಸೆ ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಆಮೇಲೆ ನೀರಿಗೆ ಹೋದರೆ ಬಾವಿಕಟ್ಟೆಯಲ್ಲಿ ಹೆಂಗಸರು ನನ್ನನ್ನು, "ಏನ್ ಚೌಡಿ, ಇವತ್ತು ಏನಡ್ಗೆ, ಗುಡಾರದ ಪಲ್ಯನಾ?" ಎನ್ನುವರು. ಕೊಡ ಅರ್ಧ ತುಂಬುವಷ್ಟರಲ್ಲಿ ಎತ್ತಿಕೊಂಡು ಬಂದುಬಿಡುತ್ತಿದ್ದೆ. ನಮ್ಮವರು, "ನಾನ್ ಯಾಕಾದ್ರೂ ಕುದ್ರೆ ಮಾತ್ ತೆಗುದ್ನೋ," ಎಂದು ತಲೆ ಮೇಲೆ ಕೈಯಿಟ್ಟು ಕೂರುವರು. ಗೊರಸಿನ ಸದ್ದು ಕೇಳಿದರೂ ಮಾವ ಎದ್ದು ಹೋಗುತ್ತಿರಲಿಲ್ಲ.

ಮಳೆ ನಿಂತ ಮೇಲೆ ಮಾವ ಮಗ್ಗಕ್ಕೆ ಇಳಿದರು. ನಾನು ಒಳಗೆ ಅಕ್ಕಿ ಆರಿಸುತ್ತ ಕೂತಿದ್ದೆ. ಮಗ್ಗದ ಸದ್ದು ಬೇರೆಯಾಗಿತ್ತು. ಮೊದಲು ಲಾಳಿ ಓಡಿದರೆ ಒಂದು ಏಟು. ಈಗ ಒಂದೊಂದು ಎಳೆಗೂ ಎರಡೆರಡು ಏಟು ಹಾಕಿ ಬಿಗಿಯುತ್ತಿದ್ದರು. ಅತ್ತೆ ನನ್ನ ಮುಖ ನೋಡಿದರು, ನಾನು ಅತ್ತೆಯ ಮುಖ ನೋಡಿದೆ. ಹೊಸ ಗುಡಾರ ನೇಯ್ದು ಹೊಲಿದಾದ ಮೇಲೆ ಮಾವ ಆ ಬಟ್ಟೆಯನ್ನು ತಾವೇ ಹೊತ್ತು ತಿರುಮಣಿಮುತ್ತಾರಿಗೆ ನಡೆದರು. ಹೊಳೆಯ ಕಲ್ಲಿನ ಮೇಲೆ, ಬೀದಿಯವರೆಲ್ಲ ಬಟ್ಟೆ ಒಗೆಯುವ ಹೊತ್ತಿನಲ್ಲಿ, ಹೊಸ ಬಟ್ಟೆಯನ್ನು ಕುಕ್ಕಿ ಕುಕ್ಕಿ ಒಗೆದರು. ನೂಲಿಗೆ ಹಾಕಿದ್ದ ಗಂಜಿಯೆಲ್ಲ ಹಾಲಿನ ಹಾಗೆ ಹರಿದುಹೋಯಿತು. ನೇಕಾರ ತಾನು ನೇಯ್ದದ್ದನ್ನು ಯಾರೆದುರಿಗೂ ಒಗೆಯುವುದಿಲ್ಲ. ನಾನು ಕೆಳಗಡೆ ಪಾತ್ರೆ ಬೆಳಗುತ್ತಿದ್ದವಳು ಸೆರಗು ಎಳೆದುಕೊಂಡೆ.

"ಏನಣ್ಣ, ಮಾರೋ ಬಟ್ಟೇನ ಒಗೀತಿಯಾ?" ಎಂದ ಗುರುವಣ್ಣ.

"ಮಾರಕ್ಕಲ್ಲ ಕಣಪ್ಪ," ಎಂದರು ಮಾವ. "ನಾನ್ ಏನ್ ನೇಯ್ತೀನಿ ಅಂತ ನಾನೂ ಒಂದ್ ಸಲ ನೋಡ್ಬೇಕಲ್ಲ."

ಗುರುವಣ್ಣ ನೀರಿಗಿಳಿದು, ಬಟ್ಟೆಯ ಇನ್ನೊಂದು ತುದಿ ಹಿಡಿದು ಹಿಂಡಿಕೊಟ್ಟ.

ಆ ವಾರವೇ ರಾಗಿ ಗಾಡಿಯವನ ಕೈಯಲ್ಲಿ ಅಪ್ಪನಿಗೆ ಮಾತು ಹೋಯಿತು: ಬೀಗರು ಕುದುರೆ ಹಿಡಿದುಕೊಂಡು ತೊಪ್ಪೂರಿಗೆ ಬರಲಿ. ನಾವು ಎತ್ತಿನ ಗಾಡಿಯಲ್ಲಿ ಹೊರಟೆವು. ಅಡುಗೆಗೆಂದು ಅತ್ತೆಯೂ ನಾನೂ ಹೊರಟೆವು. ದಾರಿಯುದ್ದಕ್ಕೂ ಅಪ್ಪ ಬರುತ್ತಾನೋ ಇಲ್ಲವೋ ಎಂದು ನಾನು ಉಗುರು ಕಚ್ಚುತ್ತಿದ್ದೆ. ಬಂದಿದ್ದ. ಕಣಿವೆಯ ಕೆಳಗೆ, ಹಳ್ಳದ ಪಕ್ಕದ ಹುಣಸೆ ಮರಗಳ ನಡುವೆ ನಿಂತಿದ್ದ. ಕುದುರೆಗಳನ್ನು ನಮ್ಮಿಂದ ಬಹಳ ದೂರದಲ್ಲಿ ಕಟ್ಟಿದ್ದ. ತಾನೂ ಅವುಗಳ ಹತ್ತಿರವೇ ನಿಂತಿದ್ದ, ಕರೆಯದೆ ಬರಬಾರದು ಎಂಬಂತೆ.

ಈ ಸಲ ಗುಡಾರಕ್ಕೆ ಹಗ್ಗ ಬಂತು, ಗೂಟ ಬಂತು. ಸೊಟ್ಟಗೆ ನಿಂತಿತು, ಒಂದು ಕಡೆ ಹೊಟ್ಟೆ ಬಿಟ್ಟುಕೊಂಡಿತ್ತು, ಆದರೂ ನಿಂತಿತು. ಮಾವ ನೇರವಾಗಿ ಅಪ್ಪನ ಬಳಿ ಹೋಗಿ, "ಅತ್ತುಸ್ರಿ ನನ್ನ," ಎಂದರು. ಅಪ್ಪ ಕೆಂದ ಕುದುರೆಯ ಮೇಲೆ ಹತ್ತಿಸಿ, ಹಗ್ಗ ಹಿಡಿದು ಹುಣಸೆ ಮರಗಳ ಸುತ್ತ ನಡೆಸಿದ. ಮಾವ ಎರಡೂ ಕೈಯಲ್ಲಿ ಜೂಲು ಹಿಡಿದು, ಕಣ್ಣು ಮುಚ್ಚಿ, ಏನೋ ಜಪ ಮಾಡುತ್ತಿದ್ದರು. ಇಳಿದಾಗ ಅವರ ಮುಖ ನೋಡಬೇಕಿತ್ತು! ಹತ್ತು ವರ್ಷದ ಹುಡುಗನ ಮುಖ.

ಉಣ್ಣಲು ಕೂತರು. ಅಪ್ಪ ಎಲೆಯ ಮುಂದೆ ಕೂತ, ಕೈ ಮಾತ್ರ ತೊಡೆಯ ಮೇಲಿತ್ತು.

"ಬೀಗ್ರೆ," ಎಂದರು ಮಾವ, "ನಿಮ್ ನಂಜೀನ ನಮ್ ಸಿದ್ದುಂಗೆ ಕೇಳನ ಅಂತ ಬಂದೆ."

ನನ್ನ ಕೈಯಲ್ಲಿದ್ದ ಸಾರಿನ ಸೌಟು ನಿಂತಿತು. ಅಪ್ಪ ತಲೆ ಅಲ್ಲಾಡಿಸಿದ.

"ಬ್ಯಾಡಿ ಬೀಗ್ರೆ. ನಿಮ್ ಬೀದಿನೋರ ಎದ್ರುಗೆ ನಿಮ್ ತಲೆ ತಗ್ಗುಸಿದ್ದು ನಮ್ ಕುದ್ರೆ. ಇನ್ನೊಂದ್ ಮಗ್ಳುನ್ನ ಯಾವ್ ಮೊಕ ಇಕ್ಕೊಂಡ್ ಕಳುಸ್ಲಿ?"

"ಕುದ್ರೆ ಏನ್ ಮಾಡ್ತು? ಗಂಜಿ ಕಂಡ್ತು, ತಿಂತು. ತಲೆ ತಗ್ಗಿದ್ದು ನನ್ ಬಟ್ಟೆಯಿಂದ," ಎಂದರು ಮಾವ. "ಎಣ್ಣು ಕೊಡೋರೆಲ್ಲ ಬೀಗ್ರ ಮನೇಲಿ ಗಂಜಿ ಆಕಿದ್ ಬಟ್ಟೆ ನೋಡಿ ಕೊಡ್ತಾರೆ. ಗಂಜಿ ತೊಳ್ದೋದ್ ಬಟ್ಟೆ ನೋಡಿರೋರು ನೀವ್ ಒಬ್ರೇ. ನೋಡಿದ್ದೀರಿ. ಕೊಡಿ, ಇಲ್ಲ ಬುಡಿ."

ಅಪ್ಪ ಎಲೆಯನ್ನೇ ನೋಡುತ್ತ ಕೂತ. ಮಾವ ನನ್ನ ಕಡೆ ತಿರುಗಿದರು. ಅಲ್ಲಿಯವರೆಗೆ ಅವರು ನನ್ನನ್ನು ಏನನ್ನೂ ಕೇಳಿದ್ದಿಲ್ಲ, ನಾನು ಅವರೆದುರಿಗೆ ಬಾಯಿ ಬಿಟ್ಟದ್ದಿಲ್ಲ.

"ಏನವ್ವ, ಅಕ್ಕ ನೀನು, ನಮ್ ಮನೆ ಕಂಡೋಳು ನೀನು. ನೀನೇ ಏಳು. ತಂಗೀನ ಕಳುಸ್ಬೋದಾ?"

ಹೂಂ ಎಂಬ ಮಾತು ನಾಲಗೆಯ ತುದಿಗೇ ಬಂದಿತ್ತು. ಆದರೆ ಎಲ್ಲರ ಕಣ್ಣೂ ನನ್ನ ಮೇಲೆ. ಕಿವಿಯಿಂದ ಕತ್ತಿನವರೆಗೆ ಉರಿಯುತ್ತಿತ್ತು. ಸೆರಗನ್ನು ಮೂಗಿನ ತನಕ ಎಳೆದುಕೊಂಡೆ. ಬಾಯಿಗೆ ಬಂದದ್ದು ಬೇರೆಯೇ.

"ಅವ್ಳಿಗೆ ಗಂಜಿ ಕಾಸಕ್ಕೆ ಬರಲ್ಲ ಮಾವ."

ಅತ್ತೆ "ಶಿವನೇ" ಎಂದರು. ಆಮೇಲೆ ಮಾವ ನಕ್ಕರು ನೋಡಿ, ಹುಣಸೆ ಮರದ ಕೋತಿಗಳೆಲ್ಲ ಚೀರಿಕೊಂಡು ಮೇಲಿನ ಕೊಂಬೆಗೆ ಹಾರಿದವು.

"ಕೇಳುದ್ರಾ ಬೀಗ್ರೆ? ಗಂಜಿ ಕಾಸಕ್ಕೆ ಬರಲ್ವಂತೆ! ಇನ್ನೇನ್ ಬೇಕು ನಮ್ ಮನೇಗೆ!"

ನಮ್ಮವರು ನಕ್ಕರು, ಸಿದ್ದ ಎದ್ದು ಮರದ ಹಿಂದಕ್ಕೆ ಓಡಿದ. ಅಪ್ಪ ನಗಲಿಲ್ಲ. ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡ, ಎರಡು ಸಲ ಒರೆಸಿಕೊಂಡ. ಬಾಯಲ್ಲಿ ಹೂಂ ಎನ್ನಲಿಲ್ಲ. ಎಲೆಯ ಹತ್ತಿರ ಸರಿದು ಕೂತು ಮುದ್ದೆ ಮುರಿದ.

ನಾನು ಸಾರು ಬಿಡಲು ಬಗ್ಗಿದೆ. ಅವನ ಮುಖ ನೋಡುತ್ತ ಬಿಟ್ಟೆ, ಅರ್ಧ ಸೌಟು ಅವನ ಬಿಳಿ ಪಂಚೆಯ ಮೇಲೆ ಹೋಯಿತು. ಯಾರೂ ಬೈಯಲಿಲ್ಲ.